ಹಬ್ಶಿಕೋಟೆಯಿಂದ ಮಂಚಿಕೇರಿಗೆ: ಆಫ್ರಿಕದ ಕಥೆ, ಕನ್ನಡದ ರಂಗ

ಬೀದರ್ ನಗರದ ಪೂರ್ವಕ್ಕೆ ಇರುವ ಗುಡ್ಡವೊಂದಕ್ಕೆ ಹಬ್ಶಿಕೋಟೆ ಎಂದು ಹೆಸರು. ಹೆಸರಿಗೆ ಕೋಟೆಯಾದರೂ ಅಲ್ಲಿರುವುದು ಗೋರಿಗಳು. ಬಹಮನಿ ಸುಲ್ತಾನರ ಕಾಲದಲ್ಲಿ ದೊಡ್ಡ ಹುದ್ದೆಗಳಿಗೆ ಏರಿದ ಆಫ್ರಿಕ ಮೂಲದ ಸರದಾರರು ಇಲ್ಲಿ ಮಣ್ಣಾಗಿದ್ದಾರೆ. ಬೀದರಿಗೆ ಬರುವ ಪ್ರವಾಸಿಗರು ಕೋಟೆ, ಮದರಸಾ, ಅಷ್ಟೂರಿನ ಗುಮ್ಮಟಗಳನ್ನು ನೋಡಿ, ಗುರುನಾನಕ್ ಝಿರಾಕ್ಕೆ ಹೋಗಿ, ಬಿದರಿ ಹೂದಾನಿಯೊಂದನ್ನು ಕೊಂಡು ಮರಳುತ್ತಾರೆ. ಹಬ್ಶಿಕೋಟೆಯ ಕಡೆ ಹೊರಳುವವರು ಕಡಿಮೆ.

ಅರಬ್ಬರು ಇಥಿಯೋಪಿಯದ ಎತ್ತರದ ನಾಡನ್ನು ಹಬಶ್ ಎನ್ನುತ್ತಿದ್ದರು. ಅಲ್ಲಿಂದ ಬಂದವನು ಹಬ್ಶಿ. ಕೆಂಪು ಸಮುದ್ರದ ದಂಡೆಯಲ್ಲಿ ಮಾರಾಟವಾಗಿ, ಅರಬ್ಬೀ ಸಮುದ್ರ ದಾಟಿ, ದಖ್ಖನಿನ ಬಂದರುಗಳಲ್ಲಿ ಮತ್ತೆ ಮಾರಾಟವಾಗಿ ಇವರು ಸುಲ್ತಾನರ ಸೈನ್ಯ ಸೇರಿದರು. ಅವರ ಹೆಸರುಗಳನ್ನು ಗಮನಿಸಬೇಕು. ಮರ್ಜಾನ್ ಎಂದರೆ ಹವಳ, ಯಾಕೂತ್ ಎಂದರೆ ಮಾಣಿಕ್ಯ, ಜೌಹರ್ ಎಂದರೆ ರತ್ನ, ಅಂಬರ್ ಎಂದರೆ ತಿಮಿಂಗಿಲದಿಂದ ಸಿಗುವ ಸುಗಂಧ ದ್ರವ್ಯ, ದೀನಾರ್ ಎಂದರೆ ನಾಣ್ಯ. ಎಲ್ಲವೂ ಬೆಲೆಬಾಳುವ ಸರಕಿನ ಹೆಸರುಗಳೇ. ತಾಯಿ ತಂದೆ ಇಟ್ಟ ಹೆಸರು ಹಡಗು ಹತ್ತುವ ಮೊದಲೇ ಅಳಿಸಿಹೋಗಿರುತ್ತಿತ್ತು. ಕೊಂಡವನು ಇಟ್ಟ ಹೆಸರಿನಲ್ಲಿ ಅವರ ಬೆಲೆ ಮಾತ್ರ ಉಳಿಯುತ್ತಿತ್ತು.

ಆದರೂ ದಖ್ಖನಿನ ಗುಲಾಮಗಿರಿಗೆ ಒಂದು ವಿಶೇಷವಿತ್ತು. ಇಲ್ಲಿ ಗುಲಾಮನಾಗಿ ಬಂದವನು ಸೇನಾಪತಿಯಾಗಬಹುದಿತ್ತು, ಪ್ರಾಂತ್ಯಾಧಿಕಾರಿಯೂ ಆಗಬಹುದಿತ್ತು. ಅಹ್ಮದ್‌ನಗರದ ಮಲಿಕ್ ಅಂಬರ್ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಇಥಿಯೋಪಿಯದಲ್ಲಿ ಹುಟ್ಟಿ, ಹಲವು ಕೈ ಬದಲಾಗಿ ದಖ್ಖನಿಗೆ ಬಂದ ಈತ 1626ರಲ್ಲಿ ತೀರಿಕೊಳ್ಳುವವರೆಗೆ ಮೊಗಲ್ ಬಾದಶಹರ ನಿದ್ದೆ ಕೆಡಿಸಿದ್ದ. ಅವನಿಗಿಂತ ಒಂದೂವರೆ ಶತಮಾನ ಮೊದಲೇ ಬೀದರಿನ ದರಬಾರಿನಲ್ಲಿ ಹಬ್ಶಿಗಳು ಒಂದು ಬಣವಾಗಿ ಬೆಳೆದಿದ್ದರು.

ಆ ದರಬಾರಿನ ಜಗಳ ಪ್ರಸಿದ್ಧವಾದದ್ದು. ಇರಾನ್, ತುರಾನ್ ಕಡೆಯಿಂದ ಹೊಸದಾಗಿ ಬಂದ ಅಫಾಕಿಗಳು ಒಂದು ಕಡೆ. ಇಲ್ಲೇ ನೆಲೆ ನಿಂತ ದಖ್ಖನಿಗಳು ಇನ್ನೊಂದು ಕಡೆ. ಸಮುದ್ರದಾಚೆಯಿಂದ ಬಂದ ಹಬ್ಶಿಗಳು ಅಫಾಕಿಗಳ ಜೊತೆ ಸೇರಬಹುದಿತ್ತು. ಸೇರಲಿಲ್ಲ, ದಖ್ಖನಿಗಳ ಪಕ್ಷ ಹಿಡಿದರು. ಮಹಮೂದ್ ಗವಾನನ ಅಂತ್ಯದ ಕಥೆಯಲ್ಲಿಯೂ ಅವರ ನೆರಳು ಎರಡು ಸಲ ಬೀಳುತ್ತದೆ. ಇತಿಹಾಸಕಾರ ಫರಿಶ್ತಾ ಹೇಳುವಂತೆ, ಗವಾನನ ಮುದ್ರೆಯನ್ನು ಕಾಯುತ್ತಿದ್ದ ಹಬ್ಶಿಯೊಬ್ಬನನ್ನು ವಿರೋಧಿಗಳು ಒಲಿಸಿಕೊಂಡು, ಅಮಲಿನಲ್ಲಿದ್ದಾಗ ಬರೀ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ರಾಜನಿಗೆ ಬರೆದ ಪತ್ರವೊಂದು ಸೃಷ್ಟಿಯಾಯಿತು. 1481ರಲ್ಲಿ ಸುಲ್ತಾನನ ಆಜ್ಞೆಯಂತೆ ಮುದಿ ಮಂತ್ರಿಯ ತಲೆ ಕಡಿದವನು ಜೌಹರ್ ಎಂಬ ಇನ್ನೊಬ್ಬ ಹಬ್ಶಿ.

ಆರೇ ವರ್ಷಗಳಲ್ಲಿ, 1487ರಲ್ಲಿ, ದಖ್ಖನಿಗಳು ಮತ್ತು ಹಬ್ಶಿಗಳು ಕೂಡಿ ಬೀದರ್ ಕೋಟೆಯೊಳಗೇ ಸುಲ್ತಾನ ಮಹಮೂದ್ ಶಹನ ಮೇಲೆ ಬಿದ್ದರು. ಅಫಾಕಿ ಸೈನಿಕರು ಅವನನ್ನು ಉಳಿಸಿದರು. ಆಮೇಲೆ ನಡೆದದ್ದು ಕೊಲೆಯ ಸುಗ್ಗಿ. ಬಹಮನಿ ರಾಜ್ಯ ಒಡೆದು ಐದಾಯಿತು. ಬೀದರ್ ಬರೀದ್ ಶಾಹಿಗಳ ಕೈಯಿಂದ 1619ರಲ್ಲಿ ಬಿಜಾಪುರದ ಆದಿಲ್ ಶಾಹಿಗಳಿಗೆ ಹೋಯಿತು. ಅವರ ಪರವಾಗಿ ಕೋಟೆ ಕಾಯುತ್ತಿದ್ದ ಕೊನೆಯ ಕಿಲ್ಲೇದಾರನೂ ಆಫ್ರಿಕದವನೇ, ಸಿದ್ದಿ ಮರ್ಜಾನ್. 1657ರಲ್ಲಿ ಔರಂಗಜೇಬ ಬೀದರಿಗೆ ಮುತ್ತಿಗೆ ಹಾಕಿದಾಗ ಈ ಮುದುಕ 27 ದಿನ ತಡೆದು ನಿಂತ. ಕೊನೆಗೆ ಮೊಗಲರು ಎಸೆದ ಅಗ್ನಿಬಾಣ ಮದ್ದಿನ ರಾಶಿಗೆ ತಗುಲಿ, ಮರ್ಜಾನ್ ಮತ್ತು ಅವನ ಮಕ್ಕಳು ಸುಟ್ಟು ಬೆಂದರು. ಕೋಟೆಯ ಬೀಗದ ಕೈ ಒಪ್ಪಿಸಿ ಅವನು ಸತ್ತ. ಔರಂಗಜೇಬ ಊರಿಗೆ ಜಫರಾಬಾದ್ ಎಂದು ಹೆಸರಿಟ್ಟ. ಆ ಹೆಸರು ನಿಲ್ಲಲಿಲ್ಲ.

ಇಷ್ಟು ರಕ್ತ, ಇಷ್ಟು ಅಧಿಕಾರ. ಆದರೆ ಈ ಜನ ತಂದಿದ್ದ ಹಾಡು ಯಾವುದು, ಕುಣಿತ ಯಾವುದು, ಮಕ್ಕಳನ್ನು ಮಲಗಿಸಲು ಹೇಳುತ್ತಿದ್ದ ಕಥೆ ಯಾವುದು ಎಂದು ಕೇಳಿದರೆ ಹಬ್ಶಿಕೋಟೆ ಮಾತಾಡುವುದಿಲ್ಲ. ದರಬಾರಿನ ಬರಹಗಾರರು ಯುದ್ಧ ಬರೆದರು, ಒಳಸಂಚು ಬರೆದರು. ಹಬ್ಶಿಯ ಹಾಡನ್ನು ಬರೆದಿಡಬೇಕು ಎಂದು ಅವರಿಗೆ ಅನಿಸಲಿಲ್ಲ. ಸರದಾರರ ಮಕ್ಕಳು ದಖ್ಖನಿ ಮಾತಾಡಿ, ದಖ್ಖನಿನಲ್ಲಿ ಮದುವೆಯಾಗಿ, ಕೆಲವೇ ತಲೆಮಾರುಗಳಲ್ಲಿ ಈ ನೆಲದಲ್ಲಿ ಕರಗಿದರು. ಮೆಹಕರ, ಭಾಲ್ಕಿ, ಔರಾದ್ ಕಡೆ ಕನ್ನಡ, ಮರಾಠಿ, ಉರ್ದು ಒಂದೇ ಮಾತಿನಲ್ಲಿ ಬೆರೆತು ಬರುವುದನ್ನು ಕೇಳಿದವರಿಗೆ ಈ ಕರಗುವಿಕೆ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೀದರ್ 1956ರವರೆಗೆ ಸೇರಿದ್ದ ಹೈದರಾಬಾದ್ ರಾಜ್ಯದಲ್ಲಿ ಮಾತ್ರ ಒಂದು ತುಣುಕು ಉಳಿದಿತ್ತು. ನಿಜಾಮರ ಬಳಿ ಆಫ್ರಿಕ ಮೂಲದ ಅಶ್ವದಳವೊಂದಿತ್ತು. ದಳ ಹೋದರೂ ಅದರ ಬಿಡಾರವಿದ್ದ ಬಡಾವಣೆ ಇಂದಿಗೂ ಎ.ಸಿ. ಗಾರ್ಡ್ಸ್ ಎಂದೇ ಹೆಸರಾಗಿದೆ. ಆಫ್ರಿಕ ಮತ್ತು ಯೆಮನ್ ಮೂಲದವರು ಬಾರಿಸುತ್ತಿದ್ದ ಮರ್ಫಾ ವಾದ್ಯ ಹೈದರಾಬಾದಿನ ಮದುವೆ ಮೆರವಣಿಗೆಗಳಲ್ಲಿ ಕೇಳುತ್ತದೆ. ಅದಕ್ಕೆ ಹೆಜ್ಜೆ ಹಾಕುವ ಹುಡುಗರಿಗೆ ಅದರ ಊರು ಯಾವುದೆಂಬ ಚಿಂತೆಯಿಲ್ಲ.

ಕಾಡು ಸೇರಿದವರು

ಕರ್ನಾಟಕಕ್ಕೆ ಆಫ್ರಿಕದ ಜನ ಬಂದ ಇನ್ನೊಂದು ದಾರಿ ಗೋವಾ. ಪೋರ್ಚುಗೀಸರು ಪೂರ್ವ ಆಫ್ರಿಕದ ತೀರದಿಂದ ಹಿಡಿದು ತಂದ ಗುಲಾಮರನ್ನು ಮನೆಗೆಲಸಕ್ಕೆ, ಹಡಗಿನ ಕೆಲಸಕ್ಕೆ ದುಡಿಸಿದರು. ಇಲ್ಲಿ ಸರದಾರಿಕೆಯ ಮಾತಿರಲಿಲ್ಲ. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಹಿಡಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ, ಜೋಯಿಡಾ ಸುತ್ತಿನ ಸಿದ್ದಿಗಳು ಇವರ ಸಂತತಿ. 2011ರ ಜನಗಣತಿಯಂತೆ ಅವರ ಸಂಖ್ಯೆ ಹತ್ತು ಸಾವಿರದ ಆಸುಪಾಸು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯ ಮಾತು ಕೆಲವರಿಗೆ ಕೊಂಕಣಿ, ಕೆಲವರಿಗೆ ಉರ್ದು. ಪೇಟೆಯ ಮಾತು ಕನ್ನಡ. ಹೊಟ್ಟೆಪಾಡಿಗೆ ಅಡಿಕೆ ತೋಟದ ಕೂಲಿ, ಕಾಡಿನ ಜೇನು, ಒಂದಿಷ್ಟು ಗದ್ದೆ.

ಆಫ್ರಿಕದ ಭಾಷೆ ಇವರಲ್ಲಿಯೂ ಉಳಿಯಲಿಲ್ಲ. ಆದರೆ ಚರ್ಮದ ವಾದ್ಯ ಉಳಿಯಿತು. ದಮಾಮಿ ಎಂಬ ಡೋಲನ್ನು ನೆಲಕ್ಕೆ ಒರಗಿಸಿ ಬಾರಿಸುತ್ತ ಗಂಡಸರು, ಹೆಂಗಸರು ಕುಣಿಯುತ್ತಾರೆ. ಹೆಂಗಸರ ಪುಗಡಿಯೂ ಇದೆ. ಮೂರು ಮತದವರಿಗೂ ಹಿರಿಯರ ಮೇಲೆ ನಂಬಿಕೆ. ಸಿದ್ದಿನಾಸ ಎಂಬ ದೈವಕ್ಕೆ ವರ್ಷಕ್ಕೊಮ್ಮೆ ಯಲ್ಲಾಪುರ ತಾಲ್ಲೂಕಿನಲ್ಲಿ ಎಲ್ಲರೂ ಸೇರುತ್ತಾರೆ. ಸರದಾರರಾದವರ ಕಡೆ ಗೋರಿ ಉಳಿಯಿತು, ಕೂಲಿಯವರಾದವರ ಕಡೆ ಡೋಲು ಉಳಿಯಿತು. ಸಿರಿವಂತರ ನಡುವೆ ಸೇರಿಕೊಳ್ಳಲು ತನ್ನದನ್ನು ಬಿಡಬೇಕಾಗುತ್ತದೆ. ಕಾಡಿನ ಅಂಚಿನಲ್ಲಿ ಒಟ್ಟಿಗೆ ಬದುಕುವವರಿಗೆ ಆ ಒತ್ತಡವಿರಲಿಲ್ಲ. ವ್ಯತ್ಯಾಸಕ್ಕೆ ಇದೇ ಕಾರಣವಿರಬೇಕು.

ಅಚಿಬೆ ಮಂಚಿಕೇರಿಗೆ ಬಂದದ್ದು

ಇಂಥ ಜನರ ನಡುವೆ 1980ರ ದಶಕದ ನಡುವಿನಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಆಗ ತನ್ನ ಹರವನ್ನು ಹಿಗ್ಗಿಸುತ್ತಿತ್ತು. 1949ರಲ್ಲಿ ಹಳ್ಳಿಯ ಹವ್ಯಾಸಿ ಕೂಟವಾಗಿ ಹುಟ್ಟಿದ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಿತ್ತು. ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1983ರಿಂದ 1985ರವರೆಗೆ 'ಜನಸ್ಪಂದನ' ಎಂಬ ಯೋಜನೆ ನಡೆಯಿತು. ನಾಟಕ, ಸಿನಿಮಾಗಳನ್ನು ಹಳ್ಳಿಗಳಿಗೆ ಒಯ್ಯುವುದು, ಅಲ್ಲಿನ ಜನರಿಂದಲೇ ಮಾಡಿಸುವುದು ಅದರ ಗುರಿ. ಹಣ ಬಂದದ್ದು ಅಮೆರಿಕದ ಫೋರ್ಡ್ ಪ್ರತಿಷ್ಠಾನದಿಂದ.

ಈ ಕೆಲಸದ ಅಂಗವಾಗಿ ಸಿದ್ದಿಗಳ ಜೊತೆ ನಾಟಕ ಮಾಡಿಸಲು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಗೆ ಹೋದವರು ಚಿದಂಬರರಾವ್ ಜಂಬೆ. ನೀನಾಸಂನ ರಂಗಶಿಕ್ಷಕರಾಗಿದ್ದ ಅವರು ಮುಂದೆ ಮೈಸೂರಿನ ರಂಗಾಯಣದ ನಿರ್ದೇಶಕರೂ ಆದರು. ಜಂಬೆಯವರು ಆರಿಸಿಕೊಂಡದ್ದು ಪುರಾಣವನ್ನಲ್ಲ, ಸಾಮಾಜಿಕ ನಾಟಕವನ್ನಲ್ಲ. ಪಶ್ಚಿಮ ಆಫ್ರಿಕದ ನೈಜೀರಿಯದ ಲೇಖಕ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು. ಅದರ ರಂಗರೂಪಕ್ಕೆ ಕನ್ನಡದಲ್ಲಿ 'ಕಪ್ಪು ಜನ ಕೆಂಪು ನೆರಳು' ಎಂದು ಹೆಸರಾಯಿತು. ಆಡಿದವರು ಸಿದ್ದಿಗಳು.

ಕಾದಂಬರಿಯ ಕಥೆ ಇಗ್ಬೊ ಜನರ ಊರೊಂದರದು. ನಾಯಕ ಒಕಾಂಕ್ವೊ ಹೆಸರಾದ ಕುಸ್ತಿಪಟು. ಸೋಮಾರಿ ತಂದೆಯ ನೆನಪು ಅವನನ್ನು ಅಟ್ಟಿಸಿಕೊಂಡು ಬರುತ್ತಿರುತ್ತದೆ. ಮೆದು ಎನಿಸಿಕೊಳ್ಳಬಾರದೆಂಬ ಭಯದಲ್ಲಿ ಅವನು ಕಲ್ಲಾಗುತ್ತಾನೆ. ಹೆಗ್ಗೆಣಸಿನ ಬೆಳೆ, ಹಬ್ಬ, ನ್ಯಾಯಪಂಚಾಯಿತಿ, ಹಿರಿಯರ ಆತ್ಮಗಳಾಗಿ ಬರುವ ಮುಖವಾಡದವರು, ರಾತ್ರಿಯ ಡೋಲು, ಇವೆಲ್ಲ ಮೊದಲ ಭಾಗದಲ್ಲಿ ತುಂಬಿವೆ. ಆಮೇಲೆ ಬಿಳಿಯ ಪಾದ್ರಿಗಳು ಬರುತ್ತಾರೆ, ಅವರ ಹಿಂದೆ ಸರ್ಕಾರ ಬರುತ್ತದೆ. ಊರು ಎರಡಾಗುತ್ತದೆ. ಎದುರು ನಿಲ್ಲಲು ಹೋದ ಒಕಾಂಕ್ವೊ ಒಂಟಿಯಾಗಿ, ನೇಣು ಹಾಕಿಕೊಂಡು ಸಾಯುತ್ತಾನೆ. ಕೊನೆಯ ಪುಟದಲ್ಲಿ ಇಂಗ್ಲಿಷ್ ಅಧಿಕಾರಿ ತಾನು ಬರೆಯಲಿರುವ ಪುಸ್ತಕದಲ್ಲಿ ಈ ಸಾವಿಗೆ ಎಷ್ಟು ಜಾಗ ಕೊಡಬಹುದೆಂದು ಲೆಕ್ಕ ಹಾಕುತ್ತಿರುತ್ತಾನೆ.

ಈ ಕಥೆ ಮಂಚಿಕೇರಿಯ ನೆಲಕ್ಕೆ ಅಪರಿಚಿತವೇನಲ್ಲ. ಇಗ್ಬೊ ಮನೆಗೆ ನೆಂಟ ಬಂದರೆ ಮೊದಲು ಕೋಲಾ ಕಾಯಿ ಒಡೆದು ಹಂಚುತ್ತಾರೆ. ಅದನ್ನು ಕೊಡದೆ ಮಾತು ಆರಂಭವಾಗುವುದಿಲ್ಲ. ಅಡಿಕೆ ತೋಟಗಳ ನಡುವೆ ಬದುಕುವವರಿಗೆ ಎಲೆ ಅಡಿಕೆಯ ತಟ್ಟೆಯ ಅರ್ಥ ಬೇರೆ ಹೇಳಿಕೊಡಬೇಕೆ? ಹಿರಿಯರು ಮನೆಯೊಳಗೇ ಇದ್ದಾರೆ ಎಂದು ನಂಬುವ ಸಿದ್ದಿಗಳಿಗೆ ಮುಖವಾಡದ ಹಿರಿಯರೂ ಹೊಸಬರಲ್ಲ. ಕ್ರೈಸ್ತ ಸಿದ್ದಿಗಳಂತೂ ಈ ಕಥೆಯ ಎರಡನೆಯ ಭಾಗವನ್ನು ತಮ್ಮ ಪೂರ್ವಜರ ಬದುಕಿನಲ್ಲೇ ದಾಟಿ ಬಂದವರು.

ಆದರೆ ಒಂದು ತೊಡಕಿದೆ. ಸಿದ್ದಿಗಳ ಮೂಲ ಪಶ್ಚಿಮ ಆಫ್ರಿಕವಲ್ಲ. 2011ರಲ್ಲಿ ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿ ಪ್ರಕಟಿಸಿದ ವಂಶವಾಹಿ ಅಧ್ಯಯನ ಸಿದ್ದಿಗಳಲ್ಲಿ ಆಫ್ರಿಕ, ಭಾರತ, ಯುರೋಪುಗಳ ಮೂರು ಎಳೆಗಳನ್ನು ಗುರುತಿಸಿತು. ಆಫ್ರಿಕದ ಎಳೆ ಪೂರ್ವ ಆಫ್ರಿಕದ ಬಂಟು ಜನರಿಗೆ ಹತ್ತಿರದ್ದು. ಯುರೋಪಿನದು ಪೋರ್ಚುಗೀಸರದು. ಇಗ್ಬೊ ನಾಡಿಗೂ ಪೂರ್ವ ಆಫ್ರಿಕದ ತೀರಕ್ಕೂ ನಡುವೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿದೆ. ಕಥೆಯ ಕಾಲಕ್ಕೂ ಸಿದ್ದಿಗಳ ವಲಸೆಗೂ ಸಂಬಂಧವಿಲ್ಲ. ಹಾಗಿದ್ದರೆ ಇದು ಸಿದ್ದಿಗಳ ಕಥೆಯೇ? ಕಪ್ಪು ಚರ್ಮ ಕಂಡ ಕೂಡಲೇ ಆಫ್ರಿಕದ ಯಾವುದೋ ಮೂಲೆಯ ಕಥೆಯನ್ನು ತೊಡಿಸಿದಂತೆ ಆಗಲಿಲ್ಲವೇ?

ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಅದೇ ದಶಕದಲ್ಲಿ ಕ್ರೀಡಾ ಇಲಾಖೆಯೂ ಸಿದ್ದಿಗಳನ್ನು ಹುಡುಕಿಕೊಂಡು ಬಂದಿತ್ತು. ಆಫ್ರಿಕದ ರಕ್ತವಿದ್ದರೆ ಓಟದಲ್ಲಿ ಪದಕ ಬರಬೇಕು ಎಂಬ ಲೆಕ್ಕಾಚಾರದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. 1993ರಲ್ಲಿ ಯೋಜನೆಯನ್ನೇ ಮುಚ್ಚಲಾಯಿತು. ಮಕ್ಕಳು ಊರಿಗೆ ಮರಳಿದರು. ಅಲ್ಲಿ ಬೇಕಾಗಿದ್ದದ್ದು ಅವರ ಸ್ನಾಯು ಮಾತ್ರ.

ನಾಟಕ ಹಾಗಲ್ಲ. ಪಾತ್ರ ಮಾಡುವವನು ಮಾತು ಕಲಿಯಬೇಕು, ಮಾತಿನ ಒಳಗೆ ಹೋಗಬೇಕು, ಊರ ಜನರ ಎದುರು ನಿಂತು ಅದನ್ನು ತನ್ನ ಬಾಯಲ್ಲಿ ಹೇಳಬೇಕು. ಹಗಲು ಕೂಲಿ ಮಾಡುವವರಿಗೆ ತಾಲೀಮು ಎಂದರೆ ನಿದ್ದೆಯಿಂದ ಕಿತ್ತುಕೊಂಡ ಹೊತ್ತು. ಅಚಿಬೆಯ ಕಾದಂಬರಿಯಲ್ಲಿ ಕಪ್ಪು ಜನ ನ್ಯಾಯ ಹೇಳುತ್ತಾರೆ, ಗಾದೆ ಹೇಳುತ್ತಾರೆ, ತಪ್ಪು ಮಾಡುತ್ತಾರೆ, ದೊಡ್ಡವರಾಗಿ ನಿಲ್ಲುತ್ತಾರೆ, ಬೀಳುತ್ತಾರೆ. ಕನ್ನಡ ರಂಗಭೂಮಿಯಲ್ಲಿ ಅಲ್ಲಿಯವರೆಗೆ ಕಪ್ಪು ಬಣ್ಣ ಬಳಿದುಕೊಂಡು ಬರುತ್ತಿದ್ದದ್ದು ಹೆಚ್ಚಾಗಿ ರಾಕ್ಷಸ, ಇಲ್ಲವೇ ಹಾಸ್ಯದ ಆಳು. ಬಣ್ಣ ಬಳಿಯದೆಯೇ ನಾಯಕನಾಗುವ ಅವಕಾಶ ಸಿದ್ದಿಗೆ ಬೇರೆ ಯಾವ ಕಥೆಯಲ್ಲಿ ಸಿಗುತ್ತಿತ್ತು? ಆ ಕಾರಣಕ್ಕಾದರೂ ಜಂಬೆಯವರ ಆಯ್ಕೆ ಸರಿಯಾದದ್ದೇ. ಭೂಪಟದ ತಪ್ಪು ಅದರ ಮುಂದೆ ಸಣ್ಣದು. ಅಷ್ಟಕ್ಕೂ ಅಸ್ಸಾಮಿನವನು ಕಾಳಿದಾಸನನ್ನು ಆಡುವಾಗ, ಹೆಗ್ಗೋಡಿನವರು ಶೇಕ್ಸ್‌ಪಿಯರನನ್ನು ಆಡುವಾಗ ಯಾರೂ ವಂಶವೃಕ್ಷ ಕೇಳುವುದಿಲ್ಲ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಂಚಿಕೇರಿ ಸುತ್ತಿನ ಸಿದ್ದಿ ಹುಡುಗ ಹುಡುಗಿಯರಿಗೆ ಹೆಗ್ಗೋಡಿನ ದಾರಿ ತೆರೆದದ್ದು ಅದಕ್ಕಿಂತ ಸದ್ದಿಲ್ಲದ ಸಂಗತಿ. ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿ ರಂಗನಟಿಯಾಗಿ, ಗಾಯಕಿಯಾಗಿ ಹೆಸರಾದರು. ಅಲ್ಲಿಯೇ ಕಲಿತ ಪ್ರಶಾಂತ್ ಸಿದ್ದಿ 2011ರ 'ಪರಮಾತ್ಮ'ದಿಂದ ಕನ್ನಡ ಚಿತ್ರಗಳಲ್ಲಿ ಪರಿಚಿತ ಮುಖವಾದರು.

ಕಲಿಸಲು ಹೋಗಿ ಕಲಿತವರು

ಸಿದ್ದಿಗಳನ್ನು ಪಶ್ಚಿಮ ಆಫ್ರಿಕಕ್ಕೆ ಜೋಡಿಸಿದ ಇನ್ನೊಂದು ದಾರಿ ಇದಕ್ಕಿಂತ ಸುತ್ತುಬಳಸಿನದು. ಅದು ಶುರುವಾಗುವುದು ಅಮೆರಿಕದಲ್ಲಿ. ಅಧ್ಯಕ್ಷ ಕೆನಡಿ 1961ರಲ್ಲಿ ಪೀಸ್ ಕೋರ್ ಎಂಬ ಸ್ವಯಂಸೇವಕರ ಪಡೆಯನ್ನು ಕಟ್ಟಿದರು. ಕಾಲೇಜು ಮುಗಿಸಿದ ತರುಣ ತರುಣಿಯರು ಎರಡು ವರ್ಷ ಬಡ ದೇಶವೊಂದರಲ್ಲಿ ಪಾಠ ಹೇಳಬೇಕು, ಬಾವಿ ತೋಡಬೇಕು, ಕೋಳಿ ಸಾಕಣೆ ಕಲಿಸಬೇಕು. ಮೊದಲ ತಂಡ ಹೋದದ್ದು ಪಶ್ಚಿಮ ಆಫ್ರಿಕದ ಘಾನಾಕ್ಕೆ. ಭಾರತದಲ್ಲಿಯೂ 1976ರವರೆಗೆ ಅವರು ಇದ್ದರು.

ಶುರುವಿನಲ್ಲೇ ಒಂದು ಎಡವಟ್ಟಾಯಿತು. 1961ರ ಅಕ್ಟೋಬರಿನಲ್ಲಿ ನೈಜೀರಿಯದ ಇಬಾದಾನ್ ವಿಶ್ವವಿದ್ಯಾಲಯದಲ್ಲಿ ತರಬೇತಿಯಲ್ಲಿದ್ದ ಸ್ವಯಂಸೇವಕಿಯೊಬ್ಬಳು ಗೆಳೆಯನಿಗೆ ಅಂಚೆ ಕಾರ್ಡು ಬರೆದಳು. ಇಲ್ಲಿನ ಜನ ಎಷ್ಟು ಹಿಂದುಳಿದವರು, ಎಲ್ಲವೂ ಹೇಗೆ ಬೀದಿಯಲ್ಲೇ ನಡೆಯುತ್ತದೆ ಎಂಬ ಧಾಟಿಯ ಬರಹ. ಕಾರ್ಡು ನೈಜೀರಿಯದ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಅವರು ಪ್ರತಿಗಳನ್ನು ಹಂಚಿ ಪ್ರತಿಭಟಿಸಿದರು. ಹುಡುಗಿ ಅಮೆರಿಕಕ್ಕೆ ಮರಳಬೇಕಾಯಿತು. ವಿದ್ಯಾರ್ಥಿಗಳ ಸಿಟ್ಟಿಗೆ ಅರ್ಥವಿತ್ತು. ಅವರ ದೇಶ ಸ್ವತಂತ್ರವಾಗಿ ಒಂದೇ ವರ್ಷವಾಗಿತ್ತು. ಸಹಾಯ ಮಾಡಲು ಬಂದವರು ಬೆನ್ನ ಹಿಂದೆ ಏನು ಬರೆಯುತ್ತಾರೆ ಎಂಬುದು ಅವರಿಗೆ ಆ ಒಂದು ಕಾರ್ಡಿನಲ್ಲಿ ಕಂಡಿತ್ತು. ಅಚಿಬೆಯ ಕಾದಂಬರಿಯ ಕೊನೆಯ ಪುಟದ ಅಧಿಕಾರಿ ಬರೆಯಲು ಹೊರಟದ್ದೂ ಇಂಥದೇ ಬರಹವನ್ನಲ್ಲವೆ?

ಇದಾಗಿ ಮೂರು ವರ್ಷಕ್ಕೆ ಅದೇ ನೈಜೀರಿಯಕ್ಕೆ ಸ್ವಯಂಸೇವಕನಾಗಿ ಹೋದವನು ಹೆನ್ರಿ ಡ್ರೂವಲ್ ಎಂಬ ತರುಣ. ಹೋದದ್ದು ಶಾಲೆಯಲ್ಲಿ ಪಾಠ ಹೇಳಲು. ಆದರೆ ಅವನನ್ನು ಸೆಳೆದದ್ದು ಯೊರೂಬಾ ಜನರ ಮರದ ಕೆತ್ತನೆ. ಯೊರೂಬಾ ಶಿಲ್ಪಿಯೊಬ್ಬನ ಬಳಿ ಶಿಷ್ಯನಾಗಿ ಕೂತು ಬಾಚಿ ಹಿಡಿಯಲು ಕಲಿತ. ಮಾತಿನಿಂದಲ್ಲದೆ ಮೈಯಿಂದ, ಕೈಯಿಂದ, ಕಣ್ಣಿನಿಂದ ಕಲಿಯುವ ಈ ಪಾಠವೇ ಅವನ ಮುಂದಿನ ಬದುಕಿನ ದಿಕ್ಕಾಯಿತು. ಡ್ರೂವಲ್ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಕಲೆಯ ಪ್ರಾಧ್ಯಾಪಕರಾದರು. 2000ದ ದಶಕದಲ್ಲಿ ಭಾರತದ ಆಫ್ರಿಕ ಮೂಲದವರ ಕಲೆಯನ್ನು ಹುಡುಕುತ್ತ ಉತ್ತರ ಕನ್ನಡಕ್ಕೆ ಬಂದರು.

ಅದೇ ಸುಮಾರಿಗೆ ಇನ್ನೊಬ್ಬ ಅತಿಥಿಯೂ ಸಿದ್ದಿ ಊರುಗಳಲ್ಲಿ ಓಡಾಡುತ್ತಿದ್ದರು. ಅವರು ಘಾನಾದಿಂದ ಬಂದ ವಿದ್ವಾಂಸ ಪಾಶಿಂಗ್ಟನ್ ಒಬೆಂಗ್. ಕರ್ನಾಟಕದ ಆಫ್ರಿಕ ಮೂಲದವರ ಬಗ್ಗೆ ಅವರ ಪುಸ್ತಕ 2007ರಲ್ಲಿ ಪ್ರಕಟವಾಯಿತು. ಮಂಚಿಕೇರಿಯ ರಂಗದ ಮೇಲೆ ಕಥೆಯಾಗಿ ಬಂದಿದ್ದ ಪಶ್ಚಿಮ ಆಫ್ರಿಕ ಈಗ ಮನುಷ್ಯ ರೂಪದಲ್ಲಿ ಸಿದ್ದಿಗಳ ಅಂಗಳಕ್ಕೆ ಬಂದಂತಾಗಿತ್ತು. ಒಬೆಂಗ್ ಸಿದ್ದಿಗಳನ್ನು ಕಳೆದುಹೋದ ಆಫ್ರಿಕನ್ನರೆಂದು ಮರುಗಲಿಲ್ಲ. ಅವರನ್ನು ಭಾರತದ ಪ್ರಜೆಗಳೆಂದೇ ಕಂಡು, ಭೂಮಿ, ಕೂಲಿ, ಪೂಜೆ, ಕುಣಿತಗಳ ಮೂಲಕ ಇಲ್ಲಿ ತಮ್ಮ ಜಾಗವನ್ನು ಹೇಗೆ ಕೇಳುತ್ತಿದ್ದಾರೆ ಎಂಬುದನ್ನು ಬರೆದರು.

ಕೌದಿಯ ಜಗಳ

ಡ್ರೂವಲ್ ಅವರ ಕಣ್ಣಿಗೆ ಬಿದ್ದದ್ದು ಕುಣಿತವಲ್ಲ, ಹಗ್ಗದ ಮೇಲೆ ಒಣಗುತ್ತಿದ್ದ ಕವಂದಿಗಳು. ಬೀದರಿನ ಓದುಗರಿಗೆ ಇದು ಕೌದಿ ಎಂದರೆ ಸಾಕು. ಮರಾಠಿ ಬಲ್ಲವರಿಗೆ ಗೋಧಡಿ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಅದರ ಮೇಲೆ ಹರಿದ ಬಟ್ಟೆಯ ತುಂಡುಗಳನ್ನು ಇಟ್ಟು ಹೊಲಿಯುವುದು ಉತ್ತರ ಕರ್ನಾಟಕದ ಮನೆ ಮನೆಯ ಕೆಲಸ. ಸಿದ್ದಿ ಹೆಂಗಸರದೂ ಅದೇ ಕೆಲಸ, ಆದರೆ ಅವರ ಕ್ರಮದಲ್ಲಿ ಒಂದು ಬಗೆ ಇದೆ. ಒಂದು ಮೂಲೆಯಿಂದ ಹೊರಟು ಅಂಚಿನುದ್ದಕ್ಕೂ ತುಂಡುಗಳನ್ನು ಕೂರಿಸುತ್ತ, ಸುತ್ತು ಬಂದು, ಮತ್ತೆ ಒಳಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಅಳತೆಪಟ್ಟಿ ಇಲ್ಲ, ಮೊದಲೇ ಗೀಚಿದ ನಕ್ಷೆ ಇಲ್ಲ. ಗಾಢ ಬಣ್ಣಗಳು ಒಂದನ್ನೊಂದು ಕೆಣಕುವಂತೆ ಪಕ್ಕಪಕ್ಕ ಕೂರುತ್ತವೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ ಬರಬಹುದು, ಮುಸ್ಲಿಮರದರಲ್ಲಿ ಅರ್ಧಚಂದ್ರ. ಕೊನೆಗೆ ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ಚೂರುಗಳನ್ನು ಸೇರಿಸುತ್ತಾರೆ. ಅದಕ್ಕೆ ಫುಲಾ, ಅಂದರೆ ಹೂವು ಎನ್ನುತ್ತಾರೆ. ಫುಲಾ ಇಲ್ಲದ ಕವಂದಿ ಬತ್ತಲೆ ಎಂಬುದು ಅವರ ಲೆಕ್ಕ. ಹೆಚ್ಚಿನ ಕವಂದಿಗಳು ಹುಟ್ಟುವುದು ಅಜ್ಜಿಯರ ಕೈಯಲ್ಲಿ, ಮೊಮ್ಮಕ್ಕಳಿಗಾಗಿ.

ಆಫ್ರಿಕದ ನೇಯ್ಗೆ, ಬಣ್ಣಗಳನ್ನು ಬಲ್ಲ ಕಣ್ಣಿಗೆ ಇದರಲ್ಲಿ ಆಫ್ರಿಕದ ನೆರಳು ಕಾಣುವುದು ಸಹಜ. ಅಮೆರಿಕದ ಕಪ್ಪು ಹೆಂಗಸರೂ ಹೀಗೆಯೇ ಚಿಂದಿಯಿಂದ ಹೊದಿಕೆ ಮಾಡಿದವರು. ಅವರ ಕೈಚಳಕಕ್ಕೂ ಸಿದ್ದಿಯರದಕ್ಕೂ ಹೋಲಿಕೆ ಹುಡುಕಲಾಗಿದೆ. ಆದರೆ ಭಾಲ್ಕಿಯ, ಔರಾದಿನ ಅಜ್ಜಿಯ ಕೌದಿಯನ್ನು ಪಕ್ಕಕ್ಕಿಟ್ಟು ನೋಡಿದರೆ ಇಷ್ಟು ಸುಲಭವಾಗಿ ತೀರ್ಮಾನ ಹೇಳಲಾಗದು. ಆಫ್ರಿಕದಿಂದ ಬಂದವರು ದಖ್ಖನಿನಲ್ಲಿ ಕೌದಿ ಕಲಿತರು, ಕಲಿತ ಮೇಲೆ ತಮ್ಮ ಕಣ್ಣಿಗೆ ಹಿತವಾಗುವಂತೆ ಅದನ್ನು ತಿದ್ದಿಕೊಂಡರು. ಇಷ್ಟು ಹೇಳಿದರೆ ಸಾಕು. ಹೊಲಿಗೆ ಇಲ್ಲಿಯದು, ಹಟ ಅವರದು.

ಡ್ರೂವಲ್ ಮಾಡಿದ ಒಳ್ಳೆಯ ಕೆಲಸ ಈ ವಾದಕ್ಕಿಂತ ಬೇರೆ. ಹೊಲಿಯುವ ಹೆಂಗಸರ ಸಹಕಾರ ಗುಂಪು ಕಟ್ಟಲು ಅವರು ನೆರವಾದರು. ಕವಂದಿಗಳು ಅಮೆರಿಕದ ಪ್ರದರ್ಶನಗಳಿಗೆ ಹೋದವು, ಹಣ ಹೊಲಿದವರ ಕೈಗೆ ಬರುವ ವ್ಯವಸ್ಥೆಯಾಯಿತು. ಇದರಲ್ಲಿ ಅಪಾಯವೂ ಇದೆ. ಮೊಮ್ಮಗುವಿಗೆಂದು ಹೊಲಿದದ್ದು ಗೋಡೆಗೆ ತೂಗುವ ಕಲೆಯಾದಾಗ ಕೊಳ್ಳುವವನ ರುಚಿ ಸೂಜಿಯೊಳಗೆ ಬಂದು ಕೂರುತ್ತದೆ. ಬಿದರಿ ಕೆಲಸದವರನ್ನು ಕೇಳಿದರೆ ಇದರ ಕಥೆ ಹೇಳುತ್ತಾರೆ. ಹುಕ್ಕಾ ಬುಡ ಮಾಡುತ್ತಿದ್ದ ಕೈಗಳು ಕೀ ಚೈನು ಮಾಡುವ ಕಾಲ ಬಂದಿದೆ. ಆದರೂ ಕೂಲಿ ಇಲ್ಲದ ಮಳೆಗಾಲದಲ್ಲಿ ಹೊಲಿಗೆಯಿಂದ ನಾಲ್ಕು ಕಾಸು ಬಂದರೆ ಅದನ್ನು ಬೇಡವೆನ್ನಲು ಯಾರಿಗೂ ಹಕ್ಕಿಲ್ಲ.

ಇತ್ತಲಿಂದ ಅತ್ತ

ಕಲೆ ಒಂದೇ ದಿಕ್ಕಿನಲ್ಲಿ ಹರಿಯಿತು ಎಂದುಕೊಳ್ಳಬೇಕಾಗಿಲ್ಲ. ಡ್ರೂವಲ್ ಅವರೇ ಬಹಳ ವರ್ಷ ಹಿಂಬಾಲಿಸಿದ ಇನ್ನೊಂದು ಕಥೆ ಸ್ವಾರಸ್ಯದ್ದು. ಪಶ್ಚಿಮ ಆಫ್ರಿಕದ ತೀರದಲ್ಲಿ ಮಾಮಿ ವಾಟಾ ಎಂಬ ನೀರಿನ ದೇವತೆಯನ್ನು ಪೂಜಿಸುತ್ತಾರೆ. ಅವಳ ರೂಪಕ್ಕೆ ಮಾದರಿಯಾದ ಚಿತ್ರಗಳಲ್ಲಿ ಒಂದು, ಮೈಗೆ ಹಾವು ಸುತ್ತಿಕೊಂಡ ಹೆಂಗಸಿನದು. ಅದು ಜರ್ಮನಿಯಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಚ್ಚಾದ, ಸರ್ಕಸ್ಸಿನ ಹಾವಾಡಗಿತ್ತಿಯ ಚಿತ್ರ. 1955ರಲ್ಲಿ ಘಾನಾದ ಕುಮಾಸಿಯ ವ್ಯಾಪಾರಿಗಳ ಬೇಡಿಕೆಯಂತೆ ಅದನ್ನು ಮತ್ತೆ ಅಚ್ಚು ಹಾಕಿ ಕಳಿಸಿದ್ದು ಮುಂಬೈಯ ಶ್ರೀರಾಮ್ ಕ್ಯಾಲೆಂಡರ್ ಕಂಪನಿ. ನಮ್ಮ ಕಿರಾಣಿ ಅಂಗಡಿಯ ಗೋಡೆಗಳಲ್ಲಿ ತೂಗುವ ಲಕ್ಷ್ಮಿ, ಶಿವ, ಹನುಮಂತರ ಚಿತ್ರಗಳೂ ಭಾರತೀಯ ವರ್ತಕರ ಜೊತೆ ಅಲ್ಲಿಗೆ ಹೋದವು. ಘಾನಾ, ಟೋಗೊ, ಬೆನಿನ್ ಕಡೆಯ ಪೂಜಾರಿಗಳು ಅವುಗಳಲ್ಲಿ ತಮ್ಮ ದೇವತೆಗಳನ್ನು ಗುರುತಿಸಿದರು, ಹಲವು ತಲೆ, ಹಲವು ಕೈಗಳ ವಿಗ್ರಹಗಳನ್ನು ಕಡೆದರು. ಅವರಿಗೆ ಇದು ಭಾರತದ ದೇವರಲ್ಲ, ತಮ್ಮದೇ ದೇವತೆ. ಮಂಚಿಕೇರಿಯಲ್ಲಿ ಇಗ್ಬೊ ಕಥೆ ಸಿದ್ದಿಗಳದಾದ ಹಾಗೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ಸಿದ್ದಿಗಳು ಕೇಳುತ್ತಿದ್ದದ್ದು ಆಫ್ರಿಕವನ್ನಲ್ಲ, ಜಾತಿ ಪ್ರಮಾಣಪತ್ರವನ್ನು. ಕೂಗು ಹಳೆಯದು, ಉತ್ತರ ಕನ್ನಡದ 'ಸಿದ್ದಿ'ಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದ ಶಾಸನಸಭೆಗೆ ಬಂದ ಮೊದಲ ಸಿದ್ದಿ ಎನಿಸಿದರು. ಮರು ವರ್ಷ ತೆರೆಕಂಡ 'ಸಲಗ' ಚಿತ್ರದಲ್ಲಿ ಗಿರಿಜಾ ಸಿದ್ದಿ ಮತ್ತು ಸಂಗಡಿಗರು ಹಾಡಿದ ಹಾಡಿಗೆ ರಾಜ್ಯದ ಉದ್ದಗಲಕ್ಕೂ ಮದುವೆ ಮೆರವಣಿಗೆಗಳಲ್ಲಿ ಹುಡುಗರು ಹೆಜ್ಜೆ ಹಾಕಿದರು. ಮಂಚಿಕೇರಿಯಲ್ಲಿ ಅಚಿಬೆಯ ನಾಟಕ ಆಡಿದ ತಲೆಮಾರಿನವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ.